ರಿಂಗಿಗೆ ಕಿಟಕಿ ಯಾಕೆ?

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎರಡು ಡಿಸ್ಟಿಲೇಷನ್ ಕಾಲಂಗಳಿವೆ, ಅಂದರೆ ದ್ರವದ ಮಿಶ್ರಣವನ್ನು ಕುದಿಸಿ ಬೇರ್ಪಡಿಸುವ ಎತ್ತರದ ಕೊಳವೆಗಳು. ಅವುಗಳ ಒಳಗೆ ರಿಂಗುಗಳನ್ನು ತುಂಬಿದ್ದಾರೆ. ಒಂದರಲ್ಲಿ ಪೈಪಿನ ತುಂಡಿನಂಥ ರಾಶಿಗ್ ರಿಂಗ್, ಇನ್ನೊಂದರಲ್ಲಿ ಕಿಟಕಿಗಳಿರುವ ಪಾಲ್ ರಿಂಗ್. ಎರಡೂ ತಗಡಿನವು, ಒಂದೇ ಅಳತೆ. ಆದರೂ ಕಿಟಕಿಯ ರಿಂಗೇ ಚೆನ್ನಾಗಿ ಬೇರ್ಪಡಿಸುತ್ತದೆ. ಯಾಕೆ? ಇನ್ನೂ ಸಣ್ಣ ರಿಂಗ್ ತುಂಬಿದರೆ ಇನ್ನೂ ಒಳ್ಳೆಯದಲ್ವಾ?

ಉತ್ತರ: ಕಾಲಂನಲ್ಲಿ ಮೇಲಿನಿಂದ ದ್ರವ ಇಳಿಯುತ್ತದೆ, ಕೆಳಗಿನಿಂದ ಆವಿ ಏರುತ್ತದೆ. ರಿಂಗಿನ ಒದ್ದೆ ಮೇಲ್ಮೈ ಮೇಲೆ ಎರಡೂ ಸಂಧಿಸಿದಷ್ಟೂ ಬೇರ್ಪಡಿಕೆ ಚೆನ್ನ. ಈಗ ಎರಡೂ ರಿಂಗುಗಳನ್ನು ಕೈಯಲ್ಲಿ ಹಿಡಿದು ನೋಡಿ. ಪಾಲ್ ರಿಂಗಿನಲ್ಲಿ ತಗಡನ್ನು ಕತ್ತರಿಸಿ ಎಸೆದಿಲ್ಲ. ಮೂರು ಕಡೆ ಕೊಯ್ದು, ನಾಲಿಗೆಯ ಹಾಗೆ ಒಳಕ್ಕೆ ಬಗ್ಗಿಸಿದ್ದಾರೆ. ಹಾಗಾಗಿ ಮೇಲ್ಮೈ ಹೆಚ್ಚು ಕಡಿಮೆ ಅಷ್ಟೇ ಇದೆ. ಬದಲಾಗಿದ್ದು ಒಳಗೆ ಹೋಗುವ ದಾರಿ.

ರಾಶಿಗ್ ರಿಂಗನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ನೀರು ಹನಿಸಿ. ನೀರು ಬೆನ್ನ ಮೇಲಿಂದ ಜಾರಿ ಹೋಗುತ್ತದೆ, ಒಳಗೋಡೆ ಒಣಗಿಯೇ ಇರುತ್ತದೆ. ಕಾಲಂಗೆ ಸುರಿದ ರಿಂಗುಗಳಲ್ಲಿ ಎಷ್ಟೋ ಹೀಗೇ ಬಿದ್ದಿರುತ್ತವೆ. ಆ ಒಣ ಮೇಲ್ಮೈಯನ್ನು ಕ್ಯಾಟಲಾಗ್ ಲೆಕ್ಕಕ್ಕೆ ಸೇರಿಸುತ್ತದೆ, ಕಾಲಂ ಸೇರಿಸುವುದಿಲ್ಲ. ಕೆಳಗಿನಿಂದ ಬರುವ ಆವಿಗೂ ಆ ಬೆನ್ನು ಅಡ್ಡ, ಸುತ್ತಿ ಹೋಗಬೇಕು. ಕಿಟಕಿ ಇದ್ದರೆ ರಿಂಗ್ ಹೇಗೇ ಬಿದ್ದಿರಲಿ, ದ್ರವ ಒಳಗೆ ಇಳಿಯುತ್ತದೆ. ನಾಲಿಗೆಯ ತುದಿಯಿಂದ ಹನಿದು ಕೆಳಗಿನ ರಿಂಗುಗಳಿಗೆ ಹರಡುತ್ತದೆ. ಆವಿಯೂ ರಿಂಗಿನೊಳಗಿಂದಲೇ ಹಾಯುವುದರಿಂದ ಒತ್ತಡದ ನಷ್ಟ ಕಡಿಮೆ.

ಇನ್ನು ಸಣ್ಣ ರಿಂಗಿನ ಮಾತು. ಆ ಆಸೆಗೆ ನಾನೂ ಬಿದ್ದಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ 50 ಮಿ.ಮೀ. ಪಾಲ್ ರಿಂಗ್ ತೆಗೆಸಿ 25 ಮಿ.ಮೀ.ದು ತುಂಬಿಸಿದೆ. ಒಂದು ಘನ ಮೀಟರಿಗೆ ಸುಮಾರು 100 ಚದರ ಮೀಟರ್ ಇದ್ದ ಮೇಲ್ಮೈ 200ಕ್ಕೆ ಏರಿತು. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಆದರೆ ಫೀಡ್ (ಕಾಲಂಗೆ ಬಿಡುವ ಮಿಶ್ರಣ) ಹಳೆಯ ಮಟ್ಟ ಮುಟ್ಟುವ ಮೊದಲೇ ಒತ್ತಡದ ಮುಳ್ಳು ಕುಣಿಯತೊಡಗಿತು. ಸಂದುಗಳು ಕಿರಿದಾಗಿದ್ದರಿಂದ ಆವಿಯ ರಭಸ ದ್ರವವನ್ನು ಇಳಿಯಲು ಬಿಡಲಿಲ್ಲ. ಕಾಲಂ ಫ್ಲಡ್ ಆಯಿತು, ಅಂದರೆ ದ್ರವ ಇಳಿಯದೆ ಒಳಗೇ ಕಟ್ಟಿಕೊಂಡಿತು. ಕೆಳಗೆ ಬರಬೇಕಾದದ್ದು, ಆವಿಯನ್ನು ತಣಿಸಿ ದ್ರವ ಮಾಡುವ ಮೇಲಿನ ಕಂಡೆನ್ಸರ್ ಕಡೆಗೆ ಹೊರಟಿತ್ತು. ಫೀಡ್ ಇಳಿಸಿದ ಮೇಲೆ ಮೊದಲಿಗಿಂತ ಶುದ್ಧವಾದ ಸರಕು ಬಂತು, ನಿಜ. ಬೈಗುಳದ ನಡುವೆ ಅದನ್ನು ಯಾರೂ ಗಮನಿಸಲಿಲ್ಲ!

ಹಾಗಂತ ತೀರಾ ದೊಡ್ಡದೂ ಬೇಡ. ಕಾಲಂನ ಅಗಲ ರಿಂಗಿನ ಎಂಟು ಹತ್ತು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಗೋಡೆ ಪಕ್ಕದ ಸಂದು ಜಾಸ್ತಿಯಾಗಿ, ದ್ರವ ಗೋಡೆ ಹಿಡಿದು ಸುಮ್ನೆ ಇಳಿದು ಹೋಗುತ್ತದೆ. ನಿಮ್ಮ ಕಾಲಂ 150 ಮಿ.ಮೀ. ಅಗಲವಿದ್ದು, ರಿಂಗ್ 25 ಮಿ.ಮೀ. ಆಗಿದ್ದರೆ 16 ಮಿ.ಮೀ.ದು ತುಂಬಿ ನೋಡಿ ಎಂದು ನಾನೇ ಹೇಳುತ್ತೇನೆ. ಆವಿಯನ್ನು ಮಾತ್ರ ನಿಧಾನವಾಗಿ ಏರಿಸಿ, ಒತ್ತಡದ ಮುಳ್ಳಿನ ಮೇಲೆ ಕಣ್ಣಿರಲಿ.