ಒಂದೇ ಗುಡ್ಡದಲ್ಲಿ ಕೆಂಪು ಮಣ್ಣೂ ಎರೆ ಮಣ್ಣೂ ಏಕೆ?

ಪ್ರಶ್ನೆ: ನಮ್ಮ ಜಮೀನು ಬಸಾಲ್ಟ್ ಕಲ್ಲಿನ ತಗ್ಗು ಗುಡ್ಡವೊಂದರ ಇಳಿಜಾರಿನಲ್ಲಿದೆ. ನೆತ್ತಿಯಲ್ಲಿ ಕೆಂಪು ಗರಸು, ಬುಡದಲ್ಲಿ ಎರೆ ಮಣ್ಣು. ಕಲ್ಲು ಒಂದೇ ಆಗಿದ್ದೂ ಮಣ್ಣು ಬೇರೆಯಾದದ್ದು ಹೇಗೆ? ಎಲ್ಲ ಕಡೆ ಒಂದೇ ಬೆಳೆ ಹಾಕಬಹುದೇ?

ಉತ್ತರ: ಕಲ್ಲು ಒಂದೇ, ನೀರಿನ ದಾರಿ ಬೇರೆ. ನೆತ್ತಿಯ ಮೇಲೆ ಬಿದ್ದ ಮಳೆ ಬಸಿದು ಹೋಗುವಾಗ ಕಲ್ಲಿನಿಂದ ಕರಗಿದ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕೆಳಕ್ಕೆ ಒಯ್ಯುತ್ತದೆ. ಮೇಲೆ ಉಳಿಯುವುದು ಕೆಯೊಲಿನೈಟ್ ಎಂಬ, ನೆನೆದರೂ ಅಷ್ಟಾಗಿ ಉಬ್ಬದ ಜೇಡಿ ಮತ್ತು ಕಬ್ಬಿಣದ ಆಕ್ಸೈಡು. ಕೆಂಪು ಬಣ್ಣ ಅದರದ್ದೇ. ಬುಡದಲ್ಲಿ ನೀರು ನಿಧಾನವಾಗಿ ಬಸಿಯುವುದರಿಂದ ಮೇಲಿಂದ ಬಂದದ್ದೆಲ್ಲ ಅಲ್ಲೇ ಕೂಡಿ ಸ್ಮೆಕ್ಟೈಟ್ ಜೇಡಿಯಾಗುತ್ತದೆ. ನೆನೆದರೆ ಉಬ್ಬುವ, ಒಣಗಿದರೆ ಬಾಯಿಬಿಡುವ ಜೇಡಿ ಇದು.

ಒಂದೇ ಬೆಳೆ ಬೇಡ. ಬಣ್ಣ ನೋಡಿಯೂ ತೀರ್ಮಾನಿಸಬೇಡಿ, ಆಳ ನೋಡಿ. ನೆತ್ತಿ, ನಡು, ಬುಡ ಮೂರೂ ಕಡೆ ಗುಂಡಿ ತೋಡಿ. ಹಾರೆ ಹಾಕಿದಾಗ ಪುಡಿಯಾಗಿ ಉದುರಿದರೆ ಅದು ಕೊಳೆತ ಕಲ್ಲು, ಮರದ ಬೇರು ಅದರೊಳಗೆ ಇಳಿಯುತ್ತದೆ. ಠಣ್ಣೆಂದು ಸದ್ದು ಬಂದರೆ ಬೇರಿನ ದಾರಿ ಅಲ್ಲಿಗೆ ಮುಗಿಯಿತು.

ಈಗ ನೀರಿನ ಲೆಕ್ಕ. ಮಣ್ಣಿನ ಆಳ 20 ಸೆಂ.ಮೀ. ಇದ್ದು, ಅದರಲ್ಲಿ ಅರ್ಧ ಹರಳುಕಲ್ಲೇ ಆದರೆ ನಿಜವಾದ ಮಣ್ಣು 10 ಸೆಂ.ಮೀ. ಅದರ ಶೇ. 15ರಷ್ಟು ನೀರು ಬೆಳೆಗೆ ಸಿಕ್ಕರೂ ಒಟ್ಟು 15 ಮಿ.ಮೀ. ಬೆಳೆ ದಿನಕ್ಕೆ 5 ಮಿ.ಮೀ. ಕುಡಿದರೆ ಮೂರೇ ದಿನ! ಒಂದು ಮೀಟರ್ ಆಳದ ಎರೆ ಮಣ್ಣಾದರೆ ಇದರ ಹತ್ತು ಪಟ್ಟು ನೀರನ್ನು ಹಿಡಿದಿಟ್ಟು ಕೊಡಬಲ್ಲದು. ಹಾಗಾಗಿ 25 ಸೆಂ.ಮೀ.ಗಿಂತ ತೆಳುವಾದ ನೆತ್ತಿಯನ್ನು ಉಳಲೇಬೇಡಿ, ಹುಲ್ಲಿಗೆ ಮತ್ತು ಮರಗಳಿಗೆ ಬಿಡಿ. ನಡುವಿನ ಪಟ್ಟಿಗೆ ಮೂರು ತಿಂಗಳಲ್ಲಿ ಕೊಯ್ಲಿಗೆ ಬರುವ ಕಿರುಧಾನ್ಯ, ಬೇಳೆಕಾಳು ಸಾಕು. ದೀರ್ಘಾವಧಿ ಬೆಳೆ ಬುಡದ ಆಳವಾದ ಮಣ್ಣಿಗೆ.

ಹೆಚ್ಚಿನವರು ಎಡವುವುದು ಒಡ್ಡಿನ ವಿಷಯದಲ್ಲಿ. ಗರಸಿನಲ್ಲಿ ಸಮಪಾತಳಿ ಒಡ್ಡು (ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕಿದ ಒಡ್ಡು) ಚೆನ್ನಾಗಿ ಕೆಲಸ ಮಾಡುತ್ತದೆ, ನಿಂತ ನೀರು ಬೇಗ ಇಂಗುತ್ತದೆ. ಅದನ್ನೇ ಎರೆ ಮಣ್ಣಿನಲ್ಲಿ ಹಾಕಿದರೆ ಬೇಸಿಗೆಯಲ್ಲಿ ಒಡ್ಡೇ ಬಿರಿಯುತ್ತದೆ, ಮೊದಲ ಜೋರು ಮಳೆಯ ನೀರು ಬಿರುಕಿಗೆ ಇಳಿದು ಕೊರೆಯುತ್ತದೆ, ಒಂದು ಕಡೆ ಒಡೆದರೆ ಕೆಳಗಿನ ಒಡ್ಡುಗಳೂ ಸಾಲಾಗಿ ಹೋಗುತ್ತವೆ. ಅಲ್ಲಿ 100 ಮೀಟರಿಗೆ 20ರಿಂದ 40 ಸೆಂ.ಮೀ. ಇಳಿಜಾರು ಕೊಟ್ಟು ಒಡ್ಡು ಹಾಕಿ, ಹೆಚ್ಚುವರಿ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ಬಿಡಿ.

ಪ್ರಶ್ನೆ: ಜ್ವಾಲಾಮುಖಿ ಬೂದಿಯಿಂದಾದ ಎಳೆಯ ಗುಡ್ಡಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ? ಅಲ್ಲಿ ರಂಜಕದ ಗೊಬ್ಬರ ಎಷ್ಟು ಹಾಕಿದರೂ ಬೆಳೆಗೆ ಹತ್ತುವುದಿಲ್ಲ ಎನ್ನುತ್ತಾರೆ.

ಉತ್ತರ: ಇಲ್ಲ, ಅದು ಬೇರೆಯೇ ಮಣ್ಣು. ಕೈಗೆತ್ತಿಕೊಂಡರೆ ಹಗುರ, ಒಂದು ಘನ ಸೆಂ.ಮೀ. ಒಣ ಮಣ್ಣು ಸಾಮಾನ್ಯವಾಗಿ 0.9 ಗ್ರಾಂ ಮೀರುವುದಿಲ್ಲ. ಅದರಲ್ಲಿರುವ ಅಲೋಫೇನ್ ಎಂಬ ಖನಿಜದ ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪತ್ತೆಗೆ ಸುಲಭ ಪರೀಕ್ಷೆಯಿದೆ: ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಕೆಂಪಾಗುವ ರಾಸಾಯನಿಕ) ಹಚ್ಚಿದ ಸೋಸುಕಾಗದದ ಮೇಲೆ ಚಿಟಿಕೆ ಮಣ್ಣಿಟ್ಟು ಸೋಡಿಯಂ ಫ್ಲೋರೈಡ್ ದ್ರಾವಣದ ಹನಿ ಹಾಕಿದರೆ ಒಂದೆರಡು ನಿಮಿಷದಲ್ಲಿ ಕಾಗದ ಕೆಂಪಾಗುತ್ತದೆ. ಸುಣ್ಣದ ಹರಳಿದ್ದರೂ ಕೆಂಪಾಗುವುದುಂಟು, ಆದ್ದರಿಂದ ಮೊದಲು ದುರ್ಬಲ ಆಮ್ಲ ಹಾಕಿ, ನೊರೆ ಬಾರದಿದ್ದರೆ ಮಾತ್ರ ಈ ಫಲಿತಾಂಶ ನಂಬಿ. ಸೋಡಿಯಂ ಫ್ಲೋರೈಡ್ ವಿಷ, ಕೈಗವಸು ಕಡ್ಡಾಯ.

ಇಂಥ ಮಣ್ಣಿನಲ್ಲಿ ಗೊಬ್ಬರ ಎರಚಬಾರದು. ಎರಚಿದಷ್ಟೂ ಹೆಚ್ಚು ಮಣ್ಣಿಗೆ ತಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಬಿತ್ತುವಾಗಲೇ ಬೀಜದ ಪಕ್ಕ 5 ಸೆಂ.ಮೀ. ದೂರ, 5 ಸೆಂ.ಮೀ. ಕೆಳಗೆ ಸಾಲಿನಲ್ಲಿ ಇಳಿಸಿ; ಕಾಂಪೋಸ್ಟ್ ಜತೆ ಬೆರೆಸಿದರೆ ಇನ್ನೂ ಒಳ್ಳೆಯದು. ನೆಲವನ್ನು ಬರಿದಾಗಿ ಬಿಡಬೇಡಿ. ಪೂರ್ತಿ ಒಣಗಿದ ಬೂದಿಮಣ್ಣು ಮತ್ತೆ ಸುಲಭವಾಗಿ ನೆನೆಯುವುದಿಲ್ಲ, ಗಾಳಿಗೆ ಹಾರುತ್ತದೆ.

ಪ್ರಶ್ನೆ: ಇಳಿಜಾರಿನ ಕಲ್ಲುಗಳನ್ನೆಲ್ಲ ಆಯ್ದು ತೆಗೆಯಬೇಕೇ?

ಉತ್ತರ: ಬೇಡ. ಸಣ್ಣ ಕಲ್ಲು ಮಳೆಹನಿಯ ಹೊಡೆತ ತಡೆಯುತ್ತದೆ, ತೇವ ಉಳಿಸುತ್ತದೆ. ಮುಷ್ಟಿಗಿಂತ ದೊಡ್ಡವನ್ನಷ್ಟೇ ಆಯ್ದು ಸಮಪಾತಳಿಯುದ್ದಕ್ಕೂ ಕಲ್ಲೊಡ್ಡು ಕಟ್ಟಿ. ತಳದ ಸಾಲು 15 ಸೆಂ.ಮೀ.ನಷ್ಟು ನೆಲದೊಳಗೆ ಕೂತಿರಬೇಕು, ಇಲ್ಲದಿದ್ದರೆ ನೀರು ಅಡಿಯಿಂದ ನುಸುಳಿ ಮಣ್ಣು ಕೊರೆದು ಒಡ್ಡನ್ನೇ ಉರುಳಿಸುತ್ತದೆ.