‘ಡಿಸ್ಕಸ್’ ಪಕ್ಕದಲ್ಲಿ ‘ಅಬೌಟ್’ ಯಾಕೆ ಬೇಡ?

ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಕೂತರೆ ಮಾತ್ರ ಕ್ರಿಯಾಪದದ ಪಕ್ಕ ‘ಆನ್’ ಬೇಕೋ ‘ಟು’ ಬೇಕೋ ಏನೂ ಬೇಡವೋ ಗೊತ್ತಾಗುವುದಿಲ್ಲ ಅಂತ ಕೇಳಿದ್ದೀರಿ. ನಾನೂ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೀಟಿಂಗಿನ ಟಿಪ್ಪಣಿಯಲ್ಲಿ ‘ವಿ ಡಿಸ್ಕಸ್ಡ್ ಅಬೌಟ್ ದಿ ಬಜೆಟ್’ ಅಂತ ಬರೆದಿದ್ದೆ. ಮೇಲಧಿಕಾರಿ ‘ಅಬೌಟ್’ ಒಂದನ್ನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ವಾಪಸ್ ಕೊಟ್ಟರು. ಕಾರಣ ಹೇಳಲಿಲ್ಲ. ಬಜೆಟ್ ಬಗ್ಗೆ ತಾನೇ ಚರ್ಚೆಯಾದದ್ದು, ತಪ್ಪೇನು ಅಂತ ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೆ.

ತಪ್ಪು ಇದ್ದದ್ದು ಆ ‘ಬಗ್ಗೆ’ಯಲ್ಲೇ. ಕನ್ನಡದ ‘ಬಗ್ಗೆ’, ‘ಜೊತೆ’ಯಂಥ ಪದಗಳನ್ನು ನಾವು ಗೊತ್ತಿಲ್ಲದೆಯೇ ಇಂಗ್ಲಿಷ್ ಕ್ರಿಯಾಪದಕ್ಕೆ ಅಂಟಿಸಿಬಿಡುತ್ತೇವೆ. ‘ಅವನ ಜೊತೆ ಮದುವೆಯಾದಳು’ ಎಂಬುದು ‘ಮ್ಯಾರೀಡ್ ವಿತ್ ಹಿಮ್’ ಆಗುತ್ತದೆ. ಬೇಕಾದದ್ದು ಬರೀ ‘ಮ್ಯಾರೀಡ್ ಹಿಮ್’. ‘ಹಾಡು ಕೇಳಿದೆ’ ಅನ್ನುವಾಗ ನಮಗೆ ಅಂಥ ಪದವೇ ಬೇಡ, ಹಾಗಾಗಿ ‘ಲಿಸನ್’ ಪಕ್ಕದ ‘ಟು’ ಬಿಟ್ಟುಹೋಗುತ್ತದೆ.

ನನ್ನ ಗೊಂದಲ ಬಹುಪಾಲು ಕಳೆದದ್ದು ಒಂದು ವಿಷಯ ಹೊಳೆದ ಮೇಲೆ: ಎಷ್ಟೋ ಪದಗಳು ನಾಮಪದವಾದಾಗ ಪ್ರಿಪೊಸಿಷನ್ (‘ಆನ್’, ‘ಟು’, ‘ಫಾರ್’, ‘ಅಬೌಟ್’ ಥರದ ಪುಟ್ಟ ಪದ) ಬೇಡುತ್ತವೆ, ಕ್ರಿಯಾಪದವಾದಾಗ ಬೇಡುವುದಿಲ್ಲ. ರಜಾ ಅರ್ಜಿಯನ್ನೇ ನೋಡಿ. ಮೇಲೆ ವಿಷಯದ ಸಾಲಿನಲ್ಲಿ ‘ರಿಕ್ವೆಸ್ಟ್ ಫಾರ್ ಲೀವ್’ ಅಂತ ಬರೆಯುವುದು ಸರಿ, ಅಲ್ಲಿ ರಿಕ್ವೆಸ್ಟ್ ನಾಮಪದ. ಅದೇ ಗುಂಗಿನಲ್ಲಿ ಕೆಳಗೆ ‘ಐ ರಿಕ್ವೆಸ್ಟ್ ಫಾರ್ ಲೀವ್’ ಅಂದರೆ ತಪ್ಪು. ‘ಐ ರಿಕ್ವೆಸ್ಟ್ ಲೀವ್’ ಸಾಕು. ‘ಡಿಸ್ಕಶನ್ ಅಬೌಟ್’ ಸರಿ, ‘ಡಿಸ್ಕಸ್ ಅಬೌಟ್’ ಬೇಡ. ‘ಎಂಫಸಿಸ್ ಆನ್’ ಸರಿ, ‘ಎಂಫಸೈಜ್ ಆನ್’ ಬೇಡ. ಆದರೆ ಇದನ್ನು ಎಲ್ಲದಕ್ಕೂ ಹಚ್ಚಬೇಡಿ. ‘ಡಿಪೆಂಡ್’ಗೂ ‘ಆನ್’ ಬೇಕು, ‘ಡಿಪೆಂಡೆನ್ಸ್’ಗೂ ಬೇಕು.

ಅನುಮಾನ ಬಂದಾಗ ಇಂಗ್ಲಿಷ್–ಕನ್ನಡ ನಿಘಂಟಿಗಿಂತ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ತೆರೆಯಿರಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಸಿದ್ಧಪಡಿಸಿ, 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ನಿಘಂಟೇ ಇದರ ಮೂಲ. ಇಂಗ್ಲಿಷ್ ಮನೆಮಾತಲ್ಲದವರಿಗಾಗಿಯೇ ಮಾಡಿದ್ದು. ಅದರಲ್ಲಿ ಅರ್ಥವಷ್ಟೇ ಅಲ್ಲ, ‘ಡಿಸ್ಕಸ್ ಸಮ್‌ಥಿಂಗ್ ವಿತ್ ಸಮ್‌ಬಡಿ’ ಅಂತ ಪದದ ನಡಿಗೆಯೂ ಇರುತ್ತದೆ. ನಾನು ಪದವನ್ನು ಒಂಟಿಯಾಗಿ ಬರೆದುಕೊಳ್ಳುವುದನ್ನು ಬಿಟ್ಟು, ಆ ಇಡೀ ತುಣುಕನ್ನೇ ನೋಟ್‌ಬುಕ್ಕಿಗೆ ಇಳಿಸಿ, ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ.

ಇಮೇಲ್ ಮುಗಿಸುವಾಗ ಇನ್ನೊಂದು ನೋಡಿಕೊಳ್ಳಿ. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಹಿಯರ್’ ಅಲ್ಲ, ‘ಹಿಯರಿಂಗ್ ಫ್ರಮ್ ಯು’. ಅಲ್ಲಿರುವ ‘ಟು’ ಪ್ರಿಪೊಸಿಷನ್, ಹಾಗಾಗಿ ಅದರ ಮುಂದೆ ಕ್ರಿಯಾಪದ ‘ಇಂಗ್’ ಸೇರಿಸಿಕೊಂಡೇ ಬರುತ್ತದೆ.