ಬಾಜೂ ಹೊಲದವರ ಬೋರು ನಮ್ಮ ನೀರು ಎಳೀತಾ?

ಓದುಗರ ಪ್ರಶ್ನೆ, ಅಂತರ್ಜಲ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ಬೋರಿನ ಆಳ ಬೇರೆ, ಜಗಳ ಅದೇ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಮುಂಡರಗಿ ಕಡೆಯ ರೈತರೊಬ್ಬರು: ಸರ್, ನಮ್ಮ ಬೋರು 280 ಅಡಿ. ಚಲೋ ನೀರಿತ್ತು. ಬಾಜೂ ಹೊಲದವರು 650 ಅಡಿ ಹಾಕಿಸಿ ಕಬ್ಬು ಹಚ್ಚಿದರು. ಈಗ ನಮ್ಮದು ತಾಸು ಓಡಿ ಗಾಳಿ ಹೊಡೆಯುತ್ತದೆ. ಅವರದನ್ನು ಬಂದ್ ಮಾಡಿಸಬಹುದಾ? ಇಲ್ಲಾ ನಾವೂ 800 ಅಡಿಗೆ ಹೋಗಬೇಕಾ?

800 ಅಡಿಗೆ ಹೋಗಬೇಡಿ. ಸಾಲ ಮಾಡಿಯಂತೂ ಬೇಡವೇ ಬೇಡ. ನಿಮ್ಮ ಕಡೆ ಕೆಳಗಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಸಿಕ್ಕರೂ ಅದಕ್ಕೆ ನೀರು ಬರುವುದು ಮೇಲಿನ ಪದರದಿಂದಲೇ. ಒಂದೇ ಹಗೇವಿನಿಂದ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಿಂದ, ಹತ್ತು ಮನೆಯವರು ಜೋಳ ತೆಗೆದಂತೆ ಇದು. ಉದ್ದ ಕೈ ಇದ್ದವನಿಗೆ ತಳದ ಕಾಳು ಸಿಗುತ್ತದೆ, ಹಗೇವು ತುಂಬುವುದಿಲ್ಲ. ಆದ್ದರಿಂದ ಅವರ ಬೋರು ನಿಮ್ಮ ನೀರು ಎಳೆದಿರಬಹುದು. ಆದರೆ ‘ಇರಬಹುದು’ ಅನ್ನುವುದನ್ನು ಹಿಡಿದುಕೊಂಡು ಪಂಚಾಯಿತಿಗೆ ಹೋದರೆ ಜಗಳ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕಾನೂನು ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರು ತೋಡುವಂತಿಲ್ಲ ಎಂದು ಕರ್ನಾಟಕದ 1999ರ ಅಂತರ್ಜಲ ಕಾಯ್ದೆ ಹೇಳುತ್ತದೆ. 2011ರ ಇನ್ನೊಂದು ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ, ಅಂದರೆ ಸರ್ಕಾರ ಗುರುತಿಸಿ ಪ್ರಕಟಿಸಿದ ಪ್ರದೇಶದಲ್ಲಿ, ಹೊಸ ಬೋರಿಗೆ ಅನುಮತಿ ಬೇಕು, ಕೊರೆಯುವ ಗಾಡಿಯ ನೋಂದಣಿಯೂ ಆಗಿರಬೇಕು. ನಿಮ್ಮ ಊರಿನ ಕುಡಿಯುವ ನೀರಿನ ಬೋರು ಹತ್ತಿರದಲ್ಲಿದ್ದರೆ ಅರ್ಜಿ ಕೊಡಿ. ಆದರೆ ಎರಡು ಖಾಸಗಿ ಹೊಲಗಳ ನಡುವಿನ ನೀರನ್ನು ಕಚೇರಿಯವರು ಬಂದು ಹಂಚಿಕೊಡುತ್ತಾರೆ ಅಂತ ಕಾಯಬೇಡಿ. ಅದನ್ನು ಆ ಬಂಡೆಯ ಮೇಲೆ ಕೂತಿರುವ ನೀವೇ ಮಾಡಿಕೊಳ್ಳಬೇಕು.

ಮೊದಲು ಅಳೆಯಿರಿ. ‘ನಮ್ಮೂರಲ್ಲಿ ನೀರಿನ ಸಮಿತಿ ಇದೆ ಸರ್’ ಅಂತ ಕೆಲವರು ಅನ್ನುತ್ತಾರೆ. ಸಮಿತಿ ಏನು ಅಳೆದಿದೆ ಅಂದರೆ ಉತ್ತರ ಇಲ್ಲ. ಬೋರ್ಡು ಬರೆಸಿ ಫೋಟೊ ತೆಗೆಸಿಕೊಂಡರೆ ಸಮಿತಿ ಆಗುವುದಿಲ್ಲ.

ಅಳೆಯುವುದು ಸುಲಭ, ಆದರೆ ಸರಿಯಾಗಿ ಮಾಡಬೇಕು. ಊರಿನ ನಾಲ್ಕು ದಿಕ್ಕಿಗೆ ಎಂಟು ಹತ್ತು ಬೋರು ಆರಿಸಿ. ನೀರಿದ್ದೂ ಬಳಸದೆ ಬಿಟ್ಟ ಹಳೇ ಬೋರು ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಓಡುವ ಬೋರಿನಲ್ಲಿ ಪೈಪು, ಕೇಬಲ್ಲು ಇರುವುದರಿಂದ ಟೇಪು ಸಿಕ್ಕಿಬೀಳುತ್ತದೆ. ಮೋಟಾರು ಮೇಲೆತ್ತಿದಾಗ ನೀರು ಮೇಲೆ ತರುವ ಕಾಲಂ ಪೈಪಿನ ಜೊತೆಗೇ ಮುಕ್ಕಾಲು ಇಂಚಿನ ಪೈಪೊಂದನ್ನು ಇಳಿಸಿ ಕಟ್ಟಿಬಿಡಿ. ಟೇಪು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಹಿಂದಿನ ರಾತ್ರಿಯೆಲ್ಲ ಮೋಟಾರು ಬಂದ್ ಇರಬೇಕು. ನಿಮ್ಮದಷ್ಟೇ ಅಲ್ಲ, ಸುತ್ತಲಿನವರದೂ. ತುದಿಗೆ ಭಾರ ಕಟ್ಟಿದ ಟೇಪಿನ ಕೊನೆಯ ಹತ್ತು ಅಡಿಗೆ ಸೀಮೆಸುಣ್ಣ ಬಳಿಯಿರಿ. ಇಳಿಸಿ, ಕೇಸಿಂಗ್ (ಬೋರಿನ ಮೇಲ್ಭಾಗಕ್ಕೆ ಇಳಿಸಿದ ಕೊಳವೆ) ಬಾಯಿಯ ಹತ್ತಿರ ಟೇಪಿನ ಅಂಕಿ ನೋಡಿ, ಮೇಲೆಳೆಯಿರಿ. ಸುಣ್ಣ ಎಲ್ಲಿಯವರೆಗೆ ತೊಯ್ದಿದೆ ನೋಡಿ, ಅಷ್ಟನ್ನು ಕಳೆಯಿರಿ. ಅದೇ ನೀರಿನ ಮಟ್ಟ. ತಿಂಗಳಿಗೊಮ್ಮೆ ಸಾಕು. ಆದರೆ ಮೇ ತಿಂಗಳದ್ದು ಮತ್ತು ನವೆಂಬರಿನದ್ದು ತಪ್ಪಿಸಲೇಬಾರದು.

ಅಳೆಯುವ ಕೆಲಸ ದೊಡ್ಡ ಬೋರಿನ ಮಾಲೀಕರಿಗೆ ಕೊಡಬೇಡಿ. ಹೈಸ್ಕೂಲಿನ ಹುಡುಗ ಹುಡುಗಿಯರಿಗೆ, ಸ್ವಸಹಾಯ ಸಂಘದ ಅಕ್ಕಂದಿರಿಗೆ ಕೊಡಿ. ಅಂಕಿ ವಹಿಯೊಳಗೆ ಬಚ್ಚಿಡದೆ ಪಂಚಾಯಿತಿ ಗೋಡೆಯ ಮೇಲೆ ಬರೆಯಿರಿ. ಆಗ ಯಾರ ಬೋರು ಓಡಿದರೆ ಯಾರದು ಇಳಿಯುತ್ತದೆ ಅಂತ ಊರಿಗೇ ಕಾಣುತ್ತದೆ.

ಆಮೇಲೆ ಲೆಕ್ಕ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್. ವರ್ಷಕ್ಕೆ 600 ಮಿ.ಮೀ. ಬಿದ್ದರೆ 24 ಲಕ್ಷ ಲೀಟರ್. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ಅದರ ಹತ್ತರಲ್ಲಿ ಒಂದು ಪಾಲು ಕೆಳಗಿಳಿದರೆ ಪುಣ್ಯ. ಅಂದರೆ ಎಕರೆಗೆ 2.4 ಲಕ್ಷ ಲೀಟರ್. ಈಗ ಖರ್ಚು ನೋಡಿ. ಎರಡು ಸಲ ತೆಳುವಾಗಿ ನೀರು ಕೊಟ್ಟ ಒಂದು ಎಕರೆ ಕಡಲೆಗೆ ಸುಮಾರು 4 ಲಕ್ಷ ಲೀಟರ್. ಹಿಂಗಾರಿನಲ್ಲಿ ನೀರು ಹಾಯಿಸಿ ಬೆಳೆದ ಉಳ್ಳಾಗಡ್ಡಿಗೆ ಸುಮಾರು 16 ಲಕ್ಷ. ಕಬ್ಬಿಗೆ ಮಳೆಯ ಪಾಲು ಬಿಟ್ಟೂ 40 ಲಕ್ಷ ಲೀಟರ್ ಬೇಕು. ಎಂದರೆ ಒಂದು ಎಕರೆ ಕಬ್ಬು ಹದಿನಾರು ಹದಿನೇಳು ಎಕರೆಯಲ್ಲಿ ಇಂಗಿದ ನೀರು ಕುಡಿಯುತ್ತದೆ. ಆ ಹದಿನೇಳು ಎಕರೆಯಲ್ಲಿ ನಿಮ್ಮ ಹೊಲವೂ ಇದೆ, ಅಲ್ವಾ? ಈ ಲೆಕ್ಕವನ್ನು ಬಾಜೂ ಹೊಲದವರ ಮುಂದೆ ಇಡಿ. ಬೈದು ಹೇಳಿದ್ದಕ್ಕಿಂತ ನಾಟುತ್ತದೆ.

ಈ ಲೆಕ್ಕವನ್ನು ಊರಿನ ಮುಂದೆ ಇಡುವ ಕೂಟ ಹಿಂಗಾರು ಬಿತ್ತನೆಗೆ ಮೊದಲೇ ಆಗಬೇಕು. ಬೀಜ ನೆಲಕ್ಕೆ ಬಿದ್ದ ಮೇಲೆ ಯಾರೂ ಯಾರ ಮಾತೂ ಕೇಳುವುದಿಲ್ಲ. ಕುಡಿಯುವ ನೀರು, ದನಗಳ ನೀರು ಮೊದಲು ತೆಗೆದಿಡಿ. ಉಳಿದದ್ದಕ್ಕೆ ಎಷ್ಟು ಎಕರೆ ಏನು ಹಾಕಬಹುದು ಅಂತ ಗ್ರಾಮಸಭೆಯಲ್ಲಿ ಮಾತಾಡಿ. ಮಹಾರಾಷ್ಟ್ರದ ಹಿವರೆ ಬಜಾರ್‌ನವರು ಪ್ರತಿ ವರ್ಷ ಹೀಗೇ ನೀರಿನ ಬಜೆಟ್ ಮಾಡುತ್ತಾರೆ. ನೀರಾವರಿಗೆ ಬೋರೇ ಬೇಡ ಅಂತ ಊರೇ ಕೂತು ತೀರ್ಮಾನಿಸಿದೆ. ಅದು ಬರಗಾಲದ ಊರು, ನಮಗಿಂತ ಜಾಸ್ತಿ ಮಳೆ ಬೀಳುವುದಿಲ್ಲ.

‘ನಾವು ಡ್ರಿಪ್ ಹಾಕಿದ್ದೇವೆ’ ಅನ್ನುವವರಿಗೆ: ಉಳಿದ ನೀರಲ್ಲಿ ಇನ್ನೆರಡು ಎಕರೆ ಹೆಚ್ಚು ಹಚ್ಚಿದ್ದರೆ ಏನೂ ಉಳಿಸಿಲ್ಲ. 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲದ ಕಾರಣ ಈ ಖರ್ಚು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ರಾಣೆಬೆನ್ನೂರಿನಿಂದ: ತೆಂಗಿನಕಾಯಿ ಅಂಗೈಲಿಟ್ಟು ಬೋರು ಹಾಕುವ ಪಾಯಿಂಟ್ ತೋರಿಸುವವರನ್ನು ನಂಬಬಹುದಾ?

ನಂಬಬಾರದು. ಗೆದ್ದ ಬೋರಿನ ಹೆಸರು ಹೇಳಿಕೊಂಡು ತಿರುಗುತ್ತಾರೆ. ಸೋತ ಬೋರಿನ ಸಾಲ ನಿಮ್ಮ ಹೆಸರಲ್ಲಿರುತ್ತದೆ. ಪ್ರತಿ ಸಲ ಇದೇ ಉತ್ತರ ಬರೆದು ಬೇಸತ್ತಿದ್ದೇನೆ. ಕಾಯಿಗೆ ಕೊಡುವ ದುಡ್ಡನ್ನು ಭೂವಿಜ್ಞಾನಿಗೆ ಕೊಡಿ. ಅವರೂ ಗ್ಯಾರಂಟಿ ಕೊಡುವುದಿಲ್ಲ. ಗ್ಯಾರಂಟಿ ಕೊಡುವವರು ಯಾರೇ ಬಂದರೂ ಬಾಗಿಲಲ್ಲೇ ಕಳಿಸಿಬಿಡಿ.

ನವಲಗುಂದದಿಂದ: ಸವಳು ನೀರು ಇನ್ನೂ ಆಳಕ್ಕೆ ಹೋದರೆ ಸಿಹಿ ಆಗುತ್ತಾ?

ಆ ಆಸೆಗೆ ದುಡ್ಡು ಹಾಕಬೇಡಿ. ನಿಮ್ಮ ಎರೆಭೂಮಿಯ ಊರುಗಳು ಕುಡಿಯುವ ನೀರಿಗೆ ಕೆರೆಯನ್ನೇ ನಂಬಿಕೊಂಡು ಬಂದಿದ್ದು ಇದೇ ಕಾರಣಕ್ಕೆ. ಕೆರೆಯ ಹೂಳು ತೆಗೆಸಿ, ಅದಕ್ಕೆ ನೀರು ತರುವ ಹಳ್ಳದ ದಾರಿ ಬಿಡಿಸಿ.

ಗದಗದಿಂದ: ಫ್ಲೋರೈಡ್ ನೀರು ಕುದಿಸಿ ಕುಡಿದರೆ ಸಾಕಾ?

ಸಾಲದು. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ಬೋರಿನ ನೀರು ಮಕ್ಕಳಿಗೆ ಕೊಡಲೇಬೇಡಿ. ಪರೀಕ್ಷೆ ಮಾಡಿಸದೆ ನೀರಿನ ರುಚಿ ನೋಡಿ ತೀರ್ಮಾನಿಸಬೇಡಿ.

ಹುಬ್ಬಳ್ಳಿ ಬಡಾವಣೆಯೊಂದರಿಂದ: ಮಾಳಿಗೆ ನೀರನ್ನು ಸೀದಾ ಬೋರಿನ ಕೇಸಿಂಗ್ ಒಳಗೆ ಬಿಡಬಹುದಾ?

ಖಂಡಿತ ಬೇಡ. ಮಾಳಿಗೆಯ ಹೊಲಸು ನಿಮ್ಮ ಬೋರಿಗಷ್ಟೇ ಅಲ್ಲ, ಇಡೀ ಓಣಿಯ ನೀರಿಗೆ ಸೇರುತ್ತದೆ. ಜಲ್ಲಿ, ಮರಳಿನ ಸೋಸುಗುಂಡಿ ಮಾಡಿಸಿ.

ಮುಂದಿನ ಸಲ ಬೋರಿನ ಬಗ್ಗೆ ಬರೆಯುವವರು ಅದರ ಆಳ, ಕೇಸಿಂಗ್ ಎಷ್ಟು ಅಡಿ ಇಳಿದಿದೆ, ಮೇ ಮತ್ತು ನವೆಂಬರಿನ ನೀರಿನ ಮಟ್ಟ, ಸುತ್ತಲಿನ ಬೋರುಗಳು ಎಷ್ಟು ದೂರ, ಅವುಗಳ ಮೇಲೆ ಯಾವ ಬೆಳೆ ಇದೆ ಎಂಬುದನ್ನು ಬರೆದು ಕಳಿಸಿ. ಇದಿಲ್ಲದ ಪತ್ರಕ್ಕೆ ನಾನು ಏನು ಬರೆದರೂ ಅದು ಬರೀ ಊಹೆ.